ನಲವತ್ತು ಚೀಲದ ಸ್ಯಾಂಪಲ್

ಭಂಗಿ ಬೀಜ ಕಿಲೋಗೆ ಮುನ್ನೂರ ಇಪ್ಪತ್ತು ರೂಪಾಯಿ. ಉತ್ತರಾಖಂಡದಿಂದ ಚಳ್ಳಕೆರೆಗೆ ಲಾರಿ ಬಾಡಿಗೆ ಕಿಲೋಗೆ ಹದಿನಾಲ್ಕು. ಒಂದು ಲಾಟು, ಅಂದರೆ ನಲವತ್ತು ಚೀಲ, ಪರೀಕ್ಷೆ ಮಾಡಿಸಲು ಒಂಬತ್ತು ಸಾವಿರ. ಆ ಚೀಲಗಳಿಂದ ಸ್ಯಾಂಪಲ್ ತೆಗೆದುಕೊಡುವ ಬಿ.ಜಿ. ಕೆರೆಯ ರಂಗಕ್ಕನ ಕೂಲಿ ದಿನಕ್ಕೆ ಮುನ್ನೂರ ಎಂಬತ್ತು.

ಭಂಗಿ ಅಂದ ಕೂಡಲೇ ಜನ ಮುಖ ನೋಡುತ್ತಾರೆ. ಗಾಂಜಾ ಗಿಡದ್ದೇ, ಆದರೆ ಬೀಜದಲ್ಲಿ ಅಮಲಿಲ್ಲ, ಲೈಸೆನ್ಸ್ ಇರುವವರು ಬೆಳೆದದ್ದನ್ನು ಆಹಾರವಾಗಿ ಮಾರಲು ಕಾನೂನು ಒಪ್ಪಿದೆ. ಶೇಂಗಾ ಎಣ್ಣೆಯ ನಮ್ಮ ಸಾಹುಕಾರರು ಒಂದು ಗಾಣವನ್ನು ಇದಕ್ಕೇ ಬಿಟ್ಟರು. ಗೋದಾಮು ನೋಡಿಕೊಳ್ಳುವವನು ನಾನು, ದೊಡ್ಡೀರಪ್ಪ. ಪ್ರತಿ ಲಾಟಿನ ಸ್ಯಾಂಪಲ್ಲೂ ಸರ್ಕಾರ ಮಾನ್ಯ ಮಾಡಿದ ಖಾಸಗಿ ಲ್ಯಾಬಿಗೆ ಹೋಗಬೇಕು. ಅಮಲಿನ ಅಂಶ, ಕೀಟನಾಶಕ, ಬೂಷ್ಟಿನ ವಿಷ ಎಲ್ಲ ನೋಡಿ ಅಲ್ಲಿನ ತೇಜಶ್ರೀ ಸಹಿ ಹಾಕಿದರೆ ಮಾತ್ರ ಬೀಜ ಗಾಣಕ್ಕೆ. ತೇಜಶ್ರೀ ಗೌರಸಮುದ್ರದ ಹುಡುಗಿ. ನೂರು ಸಲ ಕೇಳಿದರೂ ಬೇಸರವಿಲ್ಲದೆ ಹೇಳುವವಳು.

ಫೆಬ್ರವರಿಯಲ್ಲಿ ಲ್ಯಾಬುಗಳ ಮೇಲೆ ಕಣ್ಣಿಡುವ ಅಧಿಕಾರಿ ನಾಗಭೂಷಣ ನಮ್ಮ ಗೋದಾಮಿಗೆ ಬಂದು, ಆಕೆ ಪಾಸು ಮಾಡಿದ್ದ ಲಾಟಿನಿಂದ ತಾವೇ ಬೀಜ ತೆಗೆದು ಸೀಲು ಹಾಕಿಕೊಂಡು ಹೋದರು. ಸರ್ಕಾರಿ ಲ್ಯಾಬಿನಲ್ಲಿ ಬೂಷ್ಟಿನ ವಿಷ ಮಿತಿಯ ಎರಡರಷ್ಟು ಬಂತು. ದುಡ್ಡು ತಿಂದು ಪಾಸು ಮಾಡಿದ್ದಾಳೆ ಎಂದು ಮಾತೆದ್ದಿತು. ಅದು ನಿಜವೆಂದಾದರೆ ಆಕೆಯ ಸಹಿ ಇನ್ನು ಯಾವ ಲ್ಯಾಬಿನಲ್ಲೂ ನಡೆಯುವುದಿಲ್ಲ.

ವಾರದ ಮೇಲೆ ಅಧಿಕಾರಿ ಆಕೆಯನ್ನೂ ಕರೆದುಕೊಂಡೇ ಮತ್ತೆ ಬಂದರು. ಹುಡುಗಿಯ ಕಣ್ಣು ಕೆಂಪಾಗಿತ್ತು.

"ನಮ್ಮಲ್ಲಿ ಉಳಿಸಿದ್ದ ಅದೇ ಪೊಟ್ಟಣ ಮತ್ತೆ ಪರೀಕ್ಷೆ ಮಾಡ್ದೆ ಸರ್. ಈಗ್ಲೂ ಪಾಸೇ."

"ಚೀಲ ಒಂದೇ, ಬೀಜ ಒಂದೇ. ಎರಡು ಉತ್ತರ ಹೆಂಗಮ್ಮ ಬರ್ತಾವೆ?" ಎಂದ ನಾಗಭೂಷಣ ನನ್ನ ಕಡೆ ತಿರುಗಿದರು. "ಸ್ಯಾಂಪಲ್ ಹೆಂಗ್ ತೆಗೀತೀರಿ, ಒಂದ್ಸಲ ತೋರಿಸ್ರಿ."

ರಂಗಕ್ಕನನ್ನು ಕರೆದೆ. ಆಕೆ ಕಬ್ಬಿಣದ ಕೊಳವೆಯನ್ನು ಚೀಲದ ಮೇಲೆ, ನಡುವೆ, ತಳದಲ್ಲಿ ಚುಚ್ಚಿ ಬೀಜ ಇಳಿಸಿದಳು. ಪುಸ್ತಕದಲ್ಲಿ ಇರುವಂತೆಯೇ. ಅಧಿಕಾರಿ ತಲೆಯಾಡಿಸಿದರು. ಆಮೇಲೆ ರಂಗಕ್ಕ ಗೋಡೆಗೆ ಒರಗಿಸಿದ್ದ ಮೊರ ಎತ್ತಿಕೊಂಡಳು. ನಾಲ್ಕು ಸಲ ಕೇರಿದಳು, ಜೊಳ್ಳು ಹಾರಿಸಿದಳು, ಕಪ್ಪಾದದ್ದನ್ನೂ ಒಡೆದದ್ದನ್ನೂ ಉಗುರಿನಿಂದ ಆರಿಸಿ ಎಸೆದಳು. ಮಿಕ್ಕಿದ್ದನ್ನು ಪೊಟ್ಟಣಕ್ಕೆ ತುಂಬಿ ಎರಡೂ ಕೈಯಲ್ಲಿ ಮುಂದೆ ಹಿಡಿದಳು.

ನಾಗಭೂಷಣ ಅದನ್ನು ತಗೊಳ್ಳಲಿಲ್ಲ. "ಅದ್ಯಾಕಮ್ಮ ಕೇರಿದ್ದು?"

"ಕಸ ಹೆಂಗ್ ಕೊಡ್ಲಿ ಸಾಮಿ? ಗೌರ್ಮೆಂಟಿಗೆ ಹೋಗೋದಲ್ಲವಾ. ನಮ್ಮ ಮಿಲ್ಲು ಗಲೀಜು ಅನ್ಕೊಳ್ಳಲ್ವಾ ಅವ್ರು?"

ತೇಜಶ್ರೀ ಎಣ್ಣೆ ಡಬ್ಬದ ಮೇಲೆ ಕೂತಳು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ವಿಷವೆಲ್ಲ ಇದ್ದದ್ದು ಆ ಜೊಳ್ಳಿನಲ್ಲಿ, ಒಡಕಿನಲ್ಲಿ. ಲ್ಯಾಬಿಗೆ ಹೋಗುತ್ತಿದ್ದದ್ದು ಹಬ್ಬಕ್ಕೆ ಆರಿಸಿದಂಥ ಬೀಜ. ಗಾಣಕ್ಕೆ ಮಾತ್ರ ಚೀಲ ಹಾಗೇ ಸುರಿಯುತ್ತಿದ್ದೆವು.

ಸಾಹುಕಾರರು ಮುಂದೆ ಬಂದರು. "ಓದು ಬರಹ ಇಲ್ದ ಹೆಂಗ್ಸು ಮಾಡಿದ ತಪ್ಪು ಅಂತ ಬರ್ಕೊಳ್ರಿ ಸಾರ್. ನಾಳೆಯಿಂದ ಆಕೆ ಬರಲ್ಲ."

ರಂಗಕ್ಕ ಮೊರವನ್ನು ಎದೆಗೆ ಅವುಚಿಕೊಂಡು ನನ್ನನ್ನೇ ನೋಡಿದಳು. ಹೇಳಿಕೊಟ್ಟವನು ನಾನು. ಶೇಂಗಾ ಮಂಡಿಯಲ್ಲಿ ಕೇರದ ಮಾದರಿ ತೋರಿಸಿದರೆ ವ್ಯಾಪಾರಿ ಚೀಲ ಬಿಚ್ಚದೆ ಮುಂದಿನವನ ಹತ್ತಿರ ಹೋಗುತ್ತಾನೆ. ಮೂವತ್ತು ವರ್ಷ ಅದನ್ನೇ ಮಾಡಿದ ಕೈ ನನ್ನದು. ಆದರೆ ಅಷ್ಟೇ ಅಲ್ಲ. ಲ್ಯಾಬಿನ ಫಾರಂನಲ್ಲಿ 'ಚೀಲದಲ್ಲಿ ಇದ್ದಂತೆಯೇ ತೆಗೆದಿದೆ' ಎಂಬ ಸಾಲಿನ ಕೆಳಗೆ ಪ್ರತಿ ಸಲ ರುಜು ಹಾಕಿದವನೂ ನಾನೇ. ಓದಿಯೇ ಹಾಕಿದ್ದೆ.

"ಹಂಗೆ ಬರೀಬ್ಯಾಡ್ರಿ ಸಾ," ಅಂದೆ. "ಆಯಮ್ಮ ನಾನು ಹೇಳಿದಂಗೆ ಮಾಡೈತೆ. ರುಜು ನಂದು."

"ಲೇ ದೊಡ್ಡೀರಪ್ಪ, ನಿಂಗ್ಯಾಕೋ ಊರ ಉಸಾಬರಿ?" ಎಂದರು ಸಾಹುಕಾರರು ಹಲ್ಲು ಕಚ್ಚಿ.

"ಊರುದಲ್ಲ, ನಂದೇ."

ನಾಗಭೂಷಣ ಬರೆದುಕೊಂಡರು, ಓದಿ ಹೇಳಿದರು, ಸಹಿ ಮಾಡಿಸಿಕೊಂಡರು. ಇನ್ನು ಮುಂದೆ ಲ್ಯಾಬಿನವರೇ ಬಂದು ಸ್ಯಾಂಪಲ್ ತೆಗೆಯಬೇಕೆಂದು ಕೆಳಗೆ ಒಂದು ಸಾಲು ಸೇರಿಸಿದರು. ಹೊರಡುವಾಗ ತೇಜಶ್ರೀ ನನ್ನ ಹತ್ತಿರ ಬಂದು, "ಒಂದ್ಸಲ ಫೋನ್ ಮಾಡಿ ಕೇಳಿದ್ರೆ ಹೇಳ್ತಿದ್ದೆ ದೊಡ್ಡಪ್ಪ," ಅಂದಳು.

ನಲವತ್ತು ಚೀಲ ನಾಶವಾಯಿತು. ಹಿಂದಿನ ಮೂರು ಲಾಟಿನ ಎಣ್ಣೆ ಆಗಲೇ ಜನರ ಅಡುಗೆಮನೆ ಸೇರಿತ್ತು. ಸಿಕ್ಕಷ್ಟು ಬಾಟಲಿ ವಾಪಸ್ ತರಿಸಿದೆವು, ಎಲ್ಲವೂ ಸಿಗಲಿಲ್ಲ. ರಂಗಕ್ಕ ಶೇಂಗಾ ಕಡೆ ಕೆಲಸದಲ್ಲಿದ್ದಾಳೆ. ತೇಜಶ್ರೀಯ ಸಹಿ ಉಳಿಯಿತು. ನನ್ನ ಗೋದಾಮಿನ ಕೆಲಸ ಹೋಯಿತು.