ಹೆಗಲಿನಿಂದ ಇಳಿದವನು

೧

ಎಲ್ಲಿಂದ ಶುರು ಮಾಡಲಿ? ಮೆರವಣಿಗೆಯಿಂದ ಮಾಡಿದರೆ ಆ ಗದ್ದಲದಲ್ಲಿ ನನ್ನ ಮಾತು ನಿಮಗೆ ಕೇಳಿಸದು. ದೇವರಿಂದ ಮಾಡೋಣವೆಂದರೆ, ಈ ಕಥೆಯಲ್ಲಿ ಎಲ್ಲರೂ ಅವನ ಹೆಸರಿನಿಂದಲೇ ಶುರು ಮಾಡಿದವರು. (ನಾನೂ ಕೈ ಮುಗಿದೇ ಬರೆಯಲು ಕೂತೆ.) ಕೇಳುವವರು ‘ಹೂಂ’ ಅನ್ನದೆ ನಮ್ಮಜ್ಜಿ ಬಾಯಿ ಬಿಡುತ್ತಿರಲಿಲ್ಲ. ಹೂಂ ಅನ್ನಿ.

೨

ಇಬ್ಬರು ಗೆಳೆಯರು. ಒಬ್ಬ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು; ಇನ್ನೊಬ್ಬ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುವವನು. ಇಬ್ಬರೂ ಇದ್ದ ಧರ್ಮದ ಸಂಘಟನೆಯಲ್ಲಿ ಮೊದಲನೆಯವನ ಅಡ್ಡಹೆಸರು ಗಂಟಲು, ಎರಡನೆಯವನದು ಹೆಗಲು. ಮೆರವಣಿಗೆಯಲ್ಲಿ ಹೆಗಲು ಹೊರುತ್ತಿದ್ದ, ಮೇಲೆ ಕೂತು ಗಂಟಲು ಘೋಷಣೆ ಕೂಗುತ್ತಿದ್ದ, ಬೀದಿಗೆ ಬೀದಿಯೇ ಓಗೊಡುತ್ತಿತ್ತು. ಸಿಲಿಂಡರ್ ಹೊತ್ತು ಹೊತ್ತು ಹೆಗಲಿಗೆ ಎಡಭುಜದಲ್ಲಿ ನೋವು. ಅದಕ್ಕೇ ಗಂಟಲು ಸದಾ ಬಲಕ್ಕೆ ಭಾರ ಬಿಟ್ಟು ಕೂರುತ್ತಿದ್ದ. ಈ ಗುಟ್ಟು ಇಬ್ಬರಿಗೇ ಗೊತ್ತು. (ಈಗ ನಿಮಗೂ.)

೩

ಒಂದು ದಿನ ಮುಖಂಡರು ಅನ್ಯಧರ್ಮದ ಕ್ಷೌರಿಕನ ಅಂಗಡಿ ಮುಂದೆ ಮೆರವಣಿಗೆ ನಿಲ್ಲಿಸಿ, “ಈಗ ಕೂಗೋ, ಒಳಗೆ ನಡುಗ್ಬೇಕು!” ಎಂದರು. ಗಂಟಲಿನ ತಲೆಗೆ ಮೊದಲ ಕತ್ತರಿ ಇಟ್ಟವನು ಆ ಮುದುಕನೇ. ಗಂಟಲು ಬಗ್ಗಿ ಹೆಗಲಿನ ಕಿವಿಯಲ್ಲಿ ಹೇಳಿದ:

“ಇಳ್ಸೋ.”

“ಈಗ್ಲಾ? ಎಲ್ರೂ ನೋಡ್ತಿದಾರೆ ಕಣೋ!”

“ಇಳ್ಸು ಅಂದೆ.”

ಇಳಿದವನು ಮತ್ತೆ ಹತ್ತಲಿಲ್ಲ. ಅಂದಿನಿಂದ ಹೆಗಲು ಅವನ ಫೋನನ್ನೂ ಎತ್ತಲಿಲ್ಲ.

೪

ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಗಂಟಲಿನ ಬಾಯಿಗೆ ದೇವರು, ಧರ್ಮ ಎಲ್ಲ ಬಿಟ್ಟೆನೆಂಬ ಒಂದು ಭಾಷಣ ಇಟ್ಟಿದ್ದೆ. ಓದಿ ಅವನೇ ನಕ್ಕ.

“ನಾನು ಹೀಗೆಲ್ಲ ಮಾತಾಡ್ತೀನಾ ಸಾರ್? ದೇವರನ್ನ ನಾನು ಬಿಟ್ಟಿಲ್ಲ. ದಿನಾ ಪ್ರಾರ್ಥನೆ ಮಾಡ್ತೀನಿ. ಮುಗಿದ್ಮೇಲೆ ಜೊತೇಲಿ ಟೀ ಕುಡಿಯೋಕೆ ಯಾರೂ ಇಲ್ಲ. ಅಷ್ಟು ಬರೀರಿ, ಸಾಕು.”

ಬರೆದೆ.

೫

ಇವತ್ತು ಮೆರವಣಿಗೆ ಕನ್ನಡಕದ ಅಂಗಡಿಯ ಮುಂದೆಯೇ ಬಂತು. ಹೆಗಲಿನ ಮೇಲೆ ಹೊಸಬನೊಬ್ಬ. ಎಡಕ್ಕೆ ವಾಲಿ ಕೂತಿದ್ದಾನೆ. ಗಾಜಿನ ಬಾಗಿಲ ಒಳಗೆ ಗಂಟಲು ನಿಂತಿದ್ದಾನೆ.

ಮುಕ್ತಾಯ ಒಂದು: ಹೆಗಲು ತಿರುಗಿ ನೋಡಿ ನಗುತ್ತಾನೆ. (ಸಿನಿಮಾ ಆಯಿತು. ಹೊಡೆದುಹಾಕಿದೆ.)

ಮುಕ್ತಾಯ ಎರಡು: ಗಂಟಲು ಹೊರಗೋಡಿ ಮತ್ತೆ ಹೆಗಲೇರುತ್ತಾನೆ. (ಬರೆಯುತ್ತಿದ್ದಂತೆ ಗಂಟಲೇ ತಡೆದ.)

“ಸಾರ್, ನಿಮ್ಮ ದಮ್ಮಯ್ಯ, ವಾಪಸ್ ಕಳಿಸ್ಬೇಡಿ. ಮೊದ್ಲೇ ಕಾಲು ಬಾಗಿಲ ಕಡೆ ಎಳೀತಿದೆ.”

“ಮತ್ತೇನು ಮಾಡ್ಲಪ್ಪಾ?”

“ಬಲಕ್ಕೆ ಕೂರು ಅಂತ ಆ ಹೊಸಬನಿಗೆ ಹೇಳೋಕೆ ಹೆಗಲಿಗೆ ಹೇಳಿ. ಭುಜ ಬಿದ್ದುಹೋಗುತ್ತೆ.”

ಹೆಗಲಿನ ಪಕ್ಕ ಹೋಗಿ ಹೇಳಿದೆ. ಅವನು ಬೆವರುತ್ತ, ತಿರುಗದೆ, “ಹೇಳಲ್ಲ ಸಾರ್. ಬಲಗಡೆ ಗಂಟಲಿನ ಜಾಗ,” ಎಂದ.

೬

ಈ ಮಾತನ್ನು ಗಾಜಿನ ಒಳಗಿರುವವನಿಗೆ ಮುಟ್ಟಿಸಬಲ್ಲವನು ನಾನೊಬ್ಬನೇ. ಮುಟ್ಟಿಸಿದರೆ ಅವನು ಬಾಗಿಲು ತೆಗೆದು ಮತ್ತೆ ಹೆಗಲೇರಿಯಾನು.

“ಏನಂದ ಸಾರ್?” ಎಂದು ಕೇಳುತ್ತಿದ್ದಾನೆ.

ಮೆರವಣಿಗೆ ಇನ್ನೂ ದಾಟಿಲ್ಲ.