ಹಲಸಿನ ತುಂಡು

ಮಾವನ ರೈಫಲ್‌ನ ಮರ ಎರಡು ಬಣ್ಣದ್ದಾಗಿತ್ತು. ಹೆಗಲಿಗೆ ಆನಿಸುವ ಹಿಡಿಯೆಲ್ಲ ಕಪ್ಪು, ಸೀಮೆಯಿಂದ ಬಂದ ಮರ. ಅದರ ತುದಿಯಲ್ಲಿ ಎರಡು ಬೆರಳಗಲ ಮಾತ್ರ ಹಳದಿ. ಆ ಹಳದಿ ನಮ್ಮ ಮನೆಯ ಅಟ್ಟದಲ್ಲಿ ಬಿದ್ದಿದ್ದ ಮಂಚದ ಕಾಲು, ಹಲಸಿನದು. ಅದನ್ನು ಸೇರಿಸಿದ್ದು ನನ್ನ ಗಂಡನಿಗಾಗಿ.

ಮಾವ ಚಿಕ್ಕಬೈರಪ್ಪ ಮಹಾರಾಜರ ಸೈನ್ಯದಲ್ಲಿದ್ದವರು. ಆ ಸೈನ್ಯ ಮುಗಿದ ಮೇಲೆ ಹಳೆಯ ರೈಫಲ್ ಒಂದನ್ನು ಕೊಂಡು, ಲೈಸೆನ್ಸ್ ಮಾಡಿಸಿ, ಕೆಂಪಾಪುರದ ಮನೆಗೆ ತಂದರು. ಅದು ಸಿಪಾಯಿಯ ಬಂದೂಕು. ಮುಂದೆ ನಳಿಗೆಯ ಬಾಯಿಯವರೆಗೂ ಮರ, ಮೇಲೆ ಕಬ್ಬಿಣದ ಬಳೆಗಳು, ಬಾಯ್ನೆಟ್ ಚೂರಿ ಸಿಕ್ಕಿಸಲು ಒಂದು ಗೂಟ. ಎತ್ತಿದರೆ ಒನಕೆಯಷ್ಟು ಭಾರ. "ಇದು ಸಾಲಾಗಿ ನಿಂತ್ಕಳಕ್ಕೆ ಮಾಡಿದ್ದು, ಜಿಂಕೆ ಹಿಂದೆ ಓಡಕ್ಕಲ್ಲ" ಎನ್ನುತ್ತ ಮಾವ ಜಗಲಿಯ ಮೇಲೆ ಕುಳಿತು ಅದನ್ನು ಬೇಟೆಯ ಕೋವಿ ಮಾಡುತ್ತಿದ್ದರು. ಮುಂದಿನ ಮರ ಕೊಯ್ದು ಮೊಟಕು ಮಾಡಿದರು. ಬಳೆಗಳನ್ನು ಕಳಚಿದರು. ಗೂಟವನ್ನು ಅರದಿಂದ ಉಜ್ಜಿ ಉಜ್ಜಿ ಸವೆಸಿದರು. ಹೊಲದ ಕೆಲಸ ಇಲ್ಲದಾಗ ಮಾತ್ರ. ಅವಸರ ಇರಲಿಲ್ಲ.

ನಾನು ಸೊಸೆಯಾಗಿ ಆ ಮನೆಗೆ ಬಂದದ್ದು ಅರವತ್ತೊಂದರಲ್ಲಿ. ನನ್ನ ಅಪ್ಪ ಯಶವಂತಪುರದ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ನಾನು ಬಿ.ಎಸ್ಸಿ. ಪಾಸು ಮಾಡಿದ್ದೆ. ಮಾವ ನನಗೆ ಹೇಳಿದ ಮೊದಲ ಕೆಲಸ, ಮರದ ಇನ್ನೊಂದು ತುದಿ ಹಿಡಿದುಕೊಳ್ಳುವುದು. ಮರವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್ ಮನೆಯಲ್ಲಿ ಇರಲಿಲ್ಲ. ಕೊಯ್ಯುವಾಗ ಯಾರಾದರೂ ಹಿಡಿಯಲೇಬೇಕು.

"ಸೊಸೆ ತಂದಿದ್ದು ಅಡಿಗೇಗಾ, ಬಡಗಿ ಕೆಲಸಕ್ಕಾ?" ಎಂದು ಅತ್ತೆ ಮುನಿಕೆಂಪಮ್ಮ ಒಳಗಿನಿಂದ ಕೂಗಿದರು.

"ಓದಿರೋ ಕೈ ಕಣೆ, ಅಲ್ಲಾಡಲ್ಲ. ನಿನ್ ಕೈಗೆ ಕೊಟ್ರೆ ನನ್ ಬೆರಳೂ ಓಗ್ತದೆ."

ನನ್ನ ಗಂಡ ನರಸಿಂಹಯ್ಯ ಸೈನ್ಯದಲ್ಲಿ ರಸ್ತೆ, ಸೇತುವೆ ಕಟ್ಟುವ ಪಡೆಯಲ್ಲಿದ್ದರು. ಅರವತ್ತೆರಡರ ಬೇಸಿಗೆಯಲ್ಲಿ ರಜೆಗೆ ಬಂದಾಗ ರೈಫಲ್ ಹೆಚ್ಚುಕಡಿಮೆ ಸಿದ್ಧವಾಗಿತ್ತು. ಮಾವ ಅವರನ್ನು ಜಗಲಿಯ ಮೇಲೆ ನಿಲ್ಲಿಸಿ ಅಳತೆ ನೋಡಿದರು. ಮೊಣಕೈ ಮಡಚಿ, ಹಿಡಿಯ ತುದಿಯನ್ನು ಅದರ ಒಳಮಗ್ಗುಲಿಗೆ ಆನಿಸಬೇಕು. ತೋರುಬೆರಳು ಸರಿಯಾಗಿ ಟ್ರಿಗರ್ ಮೇಲೆ ಕೂತರೆ ಕೋವಿ ಆ ಮನುಷ್ಯನದು.

"ಬೆರಳು ಎಲ್ಲಿಗ್ ಬಂತು?"

"ದಾಟಿ ಹೋಯ್ತಪ್ಪ."

"ಕೈಯೇನೋ ಅದು, ಬಾವಿ ಅಗ್ಗಾನೋ?"

"ಮುದ್ದೆ ಹಾಕಿ ಬೆಳೆಸಿದ್ದು ನೀವೇ ತಾನೇ."

ಅವರ ತಮ್ಮ ಲಕ್ಕಣ್ಣ ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ. ಗಿಡ್ಡ ಆಳು. "ಅಣ್ಣಂಗೆ ಕೋವಿ ಬ್ಯಾಡ ಅಪ್ಪಾ, ಹಂಗೇ ಕೈ ಚಾಚಿ ಜಿಂಕೆ ಹಿಡೀತಾನೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ ಅನ್ನಿಸುತ್ತದೆ.

ಮಾವ ಅಟ್ಟದಿಂದ ಮಂಚದ ಕಾಲು ಇಳಿಸಿದರು. "ನನ್ ತೌರುಮನೆ ಮಂಚ ಅದು" ಎಂದು ಅತ್ತೆ ಗೊಣಗಿದರು. ತುಂಡನ್ನು ಕೊಯ್ದು, ಮರದ ಗೂಟ ಬಡಿದು, ಬಿಸಿ ಸರೇಸಿನಿಂದ ಅಂಟಿಸಿದರು. ನಾನು ಮರಳು ಕಾಗದದಿಂದ ಉಜ್ಜಿದೆ. ನನ್ನ ಗಂಡ ಅಗಸೆ ಎಣ್ಣೆ ಸವರಿದರು. ಮೇಲೆ ಕೈ ಹಾಯಿಸಿದರೆ ಬೆಸುಗೆ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಮಾತ್ರ ಕಾಣುತ್ತಿತ್ತು.

"ಈಗ ನೋಡು" ಎಂದರು ಮಾವ. ಬೆರಳು ಟ್ರಿಗರ್ ಮೇಲೆ ಕೂತಿತು.

ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಬಾಗಲೂರಿನ ಕಡೆ ಜಿಂಕೆ ಬೇಟೆಗೆ ಹೋಗುವುದು ಆ ಮನೆಯ ರೂಢಿ. ಬರುವ ಸಂಕ್ರಾಂತಿಗೆ ಮೊದಲ ಗುಂಡು ನನ್ನ ಗಂಡನದೇ ಎಂದು ಮಾತಾಯಿತು. ರಜೆ ಮುಗಿಯಿತು, ಹೊರಟುಹೋದರು.

ಚೀನಾ ಯುದ್ಧ ಬಂದು ಮುಗಿದ ಮೇಲೆ ತಂತಿ ಬಂತು. ಇಂಗ್ಲಿಷ್ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಓದಿದೆ. ಕನ್ನಡದಲ್ಲಿ ಹೇಳಿದೆ. ಕಾಣೆಯಾಗಿದ್ದಾರೆ, ಸತ್ತಿದ್ದಾರೆಂದು ನಂಬಲಾಗಿದೆ.

"ನಂಬೋದು ಅಂದ್ರೇನು?" ಎಂದರು ಮಾವ. "ನೋಡ್ದೋರು ಯಾರು?"

ಕೆಲವು ತಿಂಗಳ ಮೇಲೆ ನನ್ನ ಗಂಡನ ಪಡೆಯವನೊಬ್ಬ, ಹೊಸಕೋಟೆಯ ಕಡೆಯವನು, ರಜೆಗೆ ಬಂದಾಗ ನಮ್ಮಲ್ಲಿಗೂ ಬಂದ. ಹಳ್ಳದ ಹತ್ತಿರ ಕೊನೆಗೆ ನೋಡಿದ್ದಂತೆ. ತೊಡೆಗೆ ಏಟು ಬಿದ್ದಿತ್ತಂತೆ. ಉಳಿದವರಿಗೆಲ್ಲ ಹಿಂದೆ ಸರಿಯಲು ಹುಕುಂ ಬಂತಂತೆ.

"ಆಮೇಲೆ?"

"ಆಮೇಲೆ ಗೊತ್ತಿಲ್ಲ ಯಜಮಾನ್ರೇ. ಬಿದ್ದಿರ್ತಾರೆ ಎಲ್ಲೋ."

"ಎಲ್ಲೋ ಅಂದ್ರೆ ಎಲ್ಲಿ?"

ಅವನು ಮಜ್ಜಿಗೆ ಕುಡಿದು ಎದ್ದುಹೋದ.

ಅತ್ತೆ ಕರ್ಮ ಮಾಡಿಸೋಣ ಎಂದರು, ಅತ್ತರು. ಮಾವ ಒಪ್ಪಲಿಲ್ಲ. ಹೀಗಾಗಿ ನನ್ನ ಕೈಯ ಬಳೆಗಳು ಕೈಯಲ್ಲೇ ಉಳಿದವು. ನೀರಿಗೆ ಹೋದರೆ ಹೆಂಗಸರು ಮೊದಲು ನನ್ನ ಮಣಿಕಟ್ಟು ನೋಡಿ ಆಮೇಲೆ ಮುಖ ನೋಡುತ್ತಿದ್ದರು. ನಾನು ಅಡಿಗೆ ಮಾಡಿದೆ, ಬಟ್ಟೆ ಒಗೆದೆ, ಪೇಪರ್ ಓದಿ ಮಾವನಿಗೆ ಹೇಳಿದೆ. ಅಳು ಬರಲಿಲ್ಲ. ಬರಬೇಕಾಗಿತ್ತು ಎಂದು ಗೊತ್ತಿತ್ತು.

ಮಾವ ಗೋಡೆಯಿಂದ ರೈಫಲ್ ಇಳಿಸಿ ಎಣ್ಣೆ ಒರೆಸುತ್ತಿದ್ದರು. ಹಳದಿ ತುಂಡು ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು.

ಅರವತ್ತಮೂರರ ಕೊನೆಗೆ ಲಕ್ಕಣ್ಣ ಒಂದು ದಿನ ಅದನ್ನು ಹೆಗಲಿಗೆ ಆನಿಸಿ ನೋಡಿದ. ಅವನ ಬೆರಳು ಟ್ರಿಗರ್ ಮುಟ್ಟಲು ಕತ್ತು ಕೊಂಕಿಸಬೇಕಿತ್ತು.

"ಈ ಹಲಸಿನ ತುಂಡು ತೆಗೆದ್ರೆ ನಂಗೆ ಸರಿಯಾಗ್ತದೆ ಅಪ್ಪಾ."

ನಾನು ರಾಗಿ ಕೇರುತ್ತಿದ್ದೆ. ಮೊರ ನಿಂತಿತು.

"ಅದು ನಿಮ್ಮಣ್ಣಂದು" ಎಂದರು ಮಾವ. ಅಷ್ಟೇ.

ಮೊರ ಮತ್ತೆ ಆಡಿಸಿದೆ. ಆ ತುಂಡು ಇರುವವರೆಗೆ ಆ ಮನೆಯಲ್ಲಿ ನಾನು ಕಾಯುವವಳು. ಅದು ಹೋದ ದಿನ ನಾನು ಏನು ಎಂಬುದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಅದು ಇರಲಿ ಎಂದು ಮಾತ್ರ ಬೇಡಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಾಗಲೂರಿನಿಂದ ಖಾದರ್ ಬಾಷಾ ಬಂದರು. ಮಾವನ ಜೊತೆ ಸೈನ್ಯದಲ್ಲಿದ್ದವರು. ಪ್ರತಿ ವರ್ಷದ ಬೇಟೆಯೂ ಅವರ ಊರಿನ ಬಯಲಲ್ಲೇ, ಮಾಂಸ ಎರಡು ಮನೆಗೂ ಪಾಲು.

"ಹೋದ್ ವರ್ಷ ಬರ್ಲಿಲ್ಲ, ನಾನ್ ಕೇಳ್ಲಿಲ್ಲ" ಎಂದರು. "ಈ ವರ್ಷ ಜಿಂಕೆಗೋಳು ಹುರುಳಿ ಪೂರಾ ಮೇದಾಕ್ತಾ ಅವೆ. ಬಾ ಬೈರಪ್ಪ. ಮನೇಲ್ ಕೂತ್ರೆ ಆಗೋದೇನೈತೆ?"

ಮಾವ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ.

ಗಾಡಿಯಲ್ಲಿ ಹೋಗಿ ಅವರ ಮನೆಯಲ್ಲಿ ಉಳಿದೆವು. ಅವರ ಹೆಂಡತಿ ಗೌಹರ್ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಬಯಲಿಗೆ ಹೋದೆವು. ಹೆಂಗಸರು ಕೆರೆ ಏರಿಯ ಕೆಳಗೆ ಒಲೆ ಹೂಡುವುದು, ಗಂಡಸರು ಹುರುಳಿ ಹೊಲದ ಬದುವಿನಲ್ಲಿ ಕೂರುವುದು. ಮಾವನಿಗೆ ಕಣ್ಣು ಮಂಜಾಗಿತ್ತು. ರೈಫಲ್ ಲಕ್ಕಣ್ಣನ ಕೈಯಲ್ಲಿತ್ತು.

"ಏನ್ ಲಕ್ಕಣ್ಣ, ನೀನ್ ಬಂದೂಕ್ ಹಿಡ್ಕೊಂಡಿದ್ದೀಯೋ, ಬಂದೂಕೇ ನಿನ್ನ ಹಿಡ್ಕೊಂಡೈತೋ?" ಎಂದು ಖಾದರ್ ಬಾಷಾ ಚುಡಾಯಿಸಿದರು. ಅವರ ಸೊಂಟದಲ್ಲಿ ಚೂರಿ ಇತ್ತು. ಜಿಂಕೆ ಬಿದ್ದ ಕೂಡಲೇ ಉಸಿರಿರುವಾಗಲೇ ಓಡಿಹೋಗಿ ಹಲಾಲ್ ಮಾಡುವುದು ಅವರ ಕೆಲಸ. ಇಲ್ಲದಿದ್ದರೆ ಅವರ ಮನೆಯವರು ತಿನ್ನುವಂತಿಲ್ಲ.

ಹಿಂಡು ಬಂತು. ಏರಿ ಹತ್ತಿ ನಿಂತಿದ್ದ ನನಗೆ ಕಂಡಿತು. ಕಪ್ಪು ಬೆನ್ನಿನ ಗಂಡು ಮುಂದೆ ಇತ್ತು. ಲಕ್ಕಣ್ಣ ಎದ್ದು ಗುರಿ ಹಿಡಿದ. ಉದ್ದದ ಹಿಡಿ ಅಂಗಿಯ ಕಂಕುಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಗುಂಡು ಹಾರಿತು. ಅವನು ಹಿಂದಕ್ಕೆ ಬಿದ್ದ. ಗಂಡು ಜಿಂಕೆ ಬೆನ್ನು ಗೂನಿಸಿ ಒಂದು ಕ್ಷಣ ನಿಂತು, ಆಮೇಲೆ ಓಡಿತು.

ಮಾವ ಬಗ್ಗಿ ಹುರುಳಿ ಬಳ್ಳಿಯ ಮೇಲಿದ್ದ ರಕ್ತವನ್ನು ಬೆರಳಲ್ಲಿ ಮುಟ್ಟಿ ಮೂಸಿದರು.

"ಒಟ್ಟೆಗೆ ಬಿದ್ದದೆ" ಎಂದರು. "ಬೇಗ ಸಾಯಲ್ಲ. ನಡೀರಿ."

ಲಕ್ಕಣ್ಣನ ಹೆಗಲು ಊದಿಕೊಂಡಿತ್ತು. ಅವನನ್ನು ಗೌಹರ್ ಹತ್ತಿರ ಬಿಟ್ಟು ನಾವೆಲ್ಲ ಹುಡುಕಲು ಹೊರಟೆವು. ಅತ್ತೆಯೂ ಬಂದರು. ರಕ್ತ ಒಂದಷ್ಟು ದೂರ ಇತ್ತು, ಆಮೇಲೆ ಹನಿ ಹನಿಯಾಯಿತು, ಜಾಲಿ ಪೊದೆಗಳ ಹತ್ತಿರ ನಿಂತುಹೋಯಿತು. ಒಂದೊಂದು ಪೊದೆಯನ್ನೂ ಮಾವ ಕೋಲಿನಿಂದ ಬಿಡಿಸಿ ನೋಡಿದರು. ಹಳ್ಳಕ್ಕೆ ಇಳಿದರು. ನೀರಿನ ಹತ್ತಿರ ಮೊಣಕಾಲೂರಿ ಗೊರಸಿನ ಗುರುತು ಹುಡುಕಿದರು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಯಾರೂ ಊಟ ಮಾಡಲಿಲ್ಲ. ನಾನು ಅವರ ಹಿಂದೆ ನಡೆದೆ. ಸೀರೆ ಮುಳ್ಳಿಗೆ ಸಿಕ್ಕಿದಾಗ ಬಿಡಿಸಿಕೊಂಡೆ, ನಡೆದೆ.

ಅಷ್ಟು ಹೊತ್ತಿಗೆ ಸಿಕ್ಕಿದರೂ ಆ ಮಾಂಸ ಖಾದರ್ ಬಾಷಾರಿಗೆ ಬರುವಂತಿರಲಿಲ್ಲ. ಆದರೂ ಅವರು ನಮ್ಮ ಜೊತೆಗೇ ಇದ್ದರು. ಬಿಸಿಲು ಕೆಂಪಾದಾಗ ನಿಂತರು.

"ಬಿಡು ಬೈರಪ್ಪ. ಸತ್ತಿರ್ತದೆ."

"ನೋಡ್ದ್ಯಾ?"

"ನೋಡಿಲ್ಲ. ಆದ್ರೂ ಗೊತ್ತಲ್ಲ. ಬಿದ್ದಿರ್ತದೆ ಎಲ್ಲೋ."

ಮಾವ ತಿರುಗಿ ಅವರನ್ನು ನೋಡಿದರು. ಖಾದರ್ ಬಾಷಾರಿಗೆ ತಾವು ಏನು ಹೇಳಿದೆವೆಂದು ಹೊಳೆಯಿತೋ ಏನೋ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅತ್ತೆ ಅಲ್ಲೇ ಬದುವಿನ ಮೇಲೆ ಕೂತರು.

ಮಾವ ಹಳ್ಳದ ಆಚೆ ನೋಡಿದರು. ಆಚೆ ಬಯಲೇ ಬಯಲು. ಕೋಲನ್ನು ಎತ್ತಿ ಮುಂದಿನ ಪೊದೆಗೆ ಚುಚ್ಚಲು ಹೋದವರು ಕೈ ಇಳಿಸಿದರು.

"ಬೆಳಕಿಲ್ಲ" ಎಂದರು.

ಮಾರನೆಯ ದಿನ ಕೆಂಪಾಪುರಕ್ಕೆ ವಾಪಸು ಬಂದೆವು. ದಾರಿಯಲ್ಲಿ ಎತ್ತಿನ ಕೊರಳ ಗಂಟೆ ಮಾತ್ರ. ಮನೆಗೆ ಬಂದು ಕೈಕಾಲು ತೊಳೆದು ಮಾವ ಜಗಲಿಯ ಮೇಲೆ ಗೋಣಿ ಹಾಸಿದರು. ರೈಫಲ್‌ನ ಹಿಂದಿನ ಮರ ಬಿಚ್ಚಿದರು. ತುದಿಯ ಕಬ್ಬಿಣದ ಪಟ್ಟಿ ಕಳಚಿದರು. ಗರಗಸ ತಂದರು.

ಲಕ್ಕಣ್ಣ ಕೈಯನ್ನು ಬಟ್ಟೆಯಿಂದ ಕೊರಳಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. "ಬ್ಯಾಡ ಅಪ್ಪಾ" ಎಂದ. "ನಾನು ಇನ್ನು ಮುಟ್ಟಲ್ಲ. ಹಂಗೇ ಇರ್ಲಿ."

"ನೀನಲ್ದಿದ್ರೆ ಇನ್ಯಾರು ಮುಟ್ತಾರೆ?"

ಅವನು ಗರಗಸದ ಕಡೆ ನೋಡಿದ.

"ಆಗ್ದಿರೋ ಕೋವಿ ಇಡ್ಕೊಂಡು ಇನ್ನೊಂದು ಪ್ರಾಣೀನ ಅಂಗೆ ಬಿಟ್ ಬರಕ್ಕಾಗಲ್ಲ ಕಣೋ ನಂಗೆ" ಎಂದರು ಮಾವ. "ಒಂದು ಸಾಕು."

ಬಿಚ್ಚಲು ಆಗುವುದಿಲ್ಲವೇ ಎಂದು ಅತ್ತೆ ಮೆಲ್ಲಗೆ ಕೇಳಿದರು. ಗೂಟ ಬಡಿದು ಸರೇಸು ಹಾಕಿದ್ದು ಬಿಚ್ಚುವುದಿಲ್ಲ ಎಂದರು. ಕೊಯ್ಯಬೇಕು.

ಆಮೇಲೆ ನನ್ನ ಕಡೆ ನೋಡಿದರು.

"ಇಡ್ಕ ಬಾ ತಾಯಿ."

ಹೋಗಿ ಕೂತೆ. ಕಪ್ಪು ಮರವನ್ನು ಮಂಡಿಯ ಕೆಳಗೆ ಅದುಮಿ, ಹಳದಿ ತುದಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಮಾವ ಗರಗಸವನ್ನು ಬೆಸುಗೆಯ ಮೇಲೆ ಇಟ್ಟು ನಿಲ್ಲಿಸಿದರು.

"ಏನಾದ್ರೂ ಏಳ್ತೀಯಾ?"

ಹೇಳಿದರೆ ನಿಲ್ಲಿಸುತ್ತಿದ್ದರು. ಅದು ನನಗೆ ಗೊತ್ತು. ಒಂದೇ ಒಂದು ಮಾತು, ಬೇಡ ಎಂದು. ಅದಕ್ಕೆ ಕಾರಣ ಹುಡುಕಿದೆ. ಇಷ್ಟು ಓದಿದವಳಿಗೆ ಒಂದೂ ಸಿಗಲಿಲ್ಲ. ಬೆನ್ನು ಗೂನಿಸಿ ನಿಂತ ಆ ಜಿಂಕೆ ಕಣ್ಣ ಮುಂದೆ ಬಂತು. ಹಳ್ಳವೊಂದು ಬಂತು, ನಾನು ನೋಡದ ಹಳ್ಳ.

"ಇಲ್ಲ ಮಾವ. ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ."

ಗರಗಸ ಓಡಿತು. ಹಲಸು ಗಟ್ಟಿ, ಆದರೆ ತುಂಬ ಹೊತ್ತೇನೂ ಹಿಡಿಯಲಿಲ್ಲ. ತುಂಡು ಕಳಚಿ ನನ್ನ ಕೈಗೇ ಬಂತು. ಹಗುರವಾಗಿತ್ತು. ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದೆ.

ಮಾವ ಮರವನ್ನು ಮತ್ತೆ ರೈಫಲ್‌ಗೆ ಜೋಡಿಸಿದರು. ಲಕ್ಕಣ್ಣನನ್ನು ಕರೆದರು. ನೋವಿಲ್ಲದ ಕೈಯ ಮೊಣಕೈ ಮಡಚಿಸಿ ಹಿಡಿಯ ತುದಿ ಆನಿಸಿದರು.

"ಬೆರಳು ಎಲ್ಲಿಗ್ ಬಂತು?"

"ಸರಿಗೈತೆ ಅಪ್ಪಾ" ಎಂದು ಅವನು ಅಳತೊಡಗಿದ.

ಮಾವ ರೈಫಲ್ ಅನ್ನು ಗೋಡೆಗೆ ಒರಗಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದರು. ಹಿಂದಕ್ಕೆ ನೋಡದೆ ಹೇಳಿದರು.

"ಕೆಂಪೀ, ಕರ್ಮಕ್ಕೆ ಐನೋರಿಗೆ ಏಳಿ ಕಳ್ಸು."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಾನು ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೋಣಿ ಮಡಚಿ ಪುಡಿಯನ್ನು ತಿಪ್ಪೆಗೆ ಕೊಡವಿದೆ. ಜಗಲಿ ಗುಡಿಸಿದೆ. ಕೈ ತೊಳೆಯಲು ಚೊಂಬು ಎತ್ತಿದಾಗ ನೋಡಿದೆ, ಇನ್ನು ಕರ್ಮದ ದಿನದವರೆಗಷ್ಟೇ ಇರುವ ಬಳೆಗಳ ಸಂದಿಯಲ್ಲೆಲ್ಲ ಹಳದಿ ಪುಡಿ ಕೂತಿತ್ತು. ಅತ್ತೆಯೂ ನೋಡಿದರು. ನೀರು ಹಾಕಲು ಬಂದವರು ಹಾಕದೆ ಒಳಗೆ ಹೋದರು.