ಖಳನಾಯಕನ ಮೀಸೆ

ನಾನೊಂದು ಮೀಸೆ. ನಾಟಕ ಕಂಪನಿಯ ಬಣ್ಣದ ಮಾಸ್ತರರು ಕರಿ ಆಡಿನ ಕೂದಲನ್ನು ಜಾಳು ಬಟ್ಟೆಗೆ ಹೊಲಿದು ನನ್ನನ್ನು ಹುಟ್ಟಿಸಿದರು. ಆ ಆಡು ಜನ್ಮದಲ್ಲಿ ಯಾರಿಗೂ ಕೊಂಬಿನಿಂದ ಹಾಯ್ದದ್ದಲ್ಲ. ಆದರೂ ನನ್ನ ತುದಿಗಳನ್ನು ಮೇಲಕ್ಕೆ ತಿರುವಿದ್ದೇ ತಡ, ಕೆಟ್ಟವರ ಪಾಲಾದೆ.

ಖಳನಾಯಕನ ಪಾರ್ಟು ಮಾಡುವ ಗದಿಗೆಪ್ಪನ ತುಟಿಯ ಮೇಲೆ ಬಹುಕಾಲ ಬಾಳಿದೆ. ವಿಧವೆಯನ್ನು ಮನೆಯಿಂದ ಹೊರದಬ್ಬಿ ಅವನು ಗಹಗಹಿಸಿದರೆ ಮುಂದಿನ ಸಾಲಿನ ಹೆಂಗಸರು ಲಟಿಕೆ ಮುರಿದು ಶಪಿಸುತ್ತಿದ್ದರು. ನನ್ನ ಕೆಳಗೆ ಅವನ ತುಟಿ ಗಡಗಡ ನಡುಗುತ್ತಿದ್ದುದು ನನಗಷ್ಟೇ ಗೊತ್ತು.

ಅವನ ಮಗಳು ಸುವರ್ಣಾಳಿಗೆ ಬಂದ ಎರಡು ಸಂಬಂಧಗಳು ನನ್ನಿಂದಲೇ ಮುರಿದವು. ಮೂರನೆಯದು ಗದುಗಿನ ಬಟ್ಟೆ ಅಂಗಡಿ ವಿರುಪಾಕ್ಷಪ್ಪನವರ ಮನೆತನ. ಹುಡುಗ ಒಪ್ಪಿದ್ದ. ಆದರೆ ಅವನ ತಾಯಿ ನೀಲಗಂಗವ್ವ ಹಿಂದಿನ ವಾರವಷ್ಟೇ ನಾಟಕ ನೋಡಿದ್ದಳು. ಮಾತುಕತೆಗೆ ಬಂದ ಗದಿಗೆಪ್ಪನಿಗೆ ಮುಖಕ್ಕೆ ಹೊಡೆದಂತೆ ಅಂದಳು: “ಅದು ಪಾರ್ಟ ಅಲ್ರಿ, ನಿಮ್ಮ ಹುಟ್ಟುಗುಣ. ಒಳಗ ಇಲ್ದ ಹಂಗ ನಗಾಕ ಬರೂದಿಲ್ಲ.”

ಗದಿಗೆಪ್ಪ ಕಿಸೆಯಿಂದ ನನ್ನನ್ನು ತೆಗೆದ. “ಅಕ್ಕಾರ, ಇದನ್ನ ನಿಮ್ಮ ಯಜಮಾನ್ರಿಗೆ ಹಚ್ಚಿ ನೋಡ್ರಿ.”

ವಿರುಪಾಕ್ಷಪ್ಪನವರು ಗಿರಾಕಿಗಳ ಮುಂದೂ ದನಿ ಎತ್ತದ ಮನುಷ್ಯ. ನಾಚುತ್ತಲೇ ಮುಖ ಒಡ್ಡಿದರು. ಕನ್ನಡಿ ನೋಡಿಕೊಂಡು ನನ್ನನ್ನು ಒಮ್ಮೆ ತಿರುವಿದರು. ಮರುಗಳಿಗೆಯೇ ಗುಡುಗಿದರು: “ಏ ನೀಲಗಂಗಾ! ಮೂವತ್ತು ವರ್ಷಾತು, ಒಂದು ಮಾತು ಆಡಗೊಟ್ಟೀಯೇನ? ಮನಿಗೇ ಬೆಂಕಿ ಹಚ್ಚತೇನಿ ನೋಡ!”

ಆ ತುಟಿ ಒಂದಿಷ್ಟೂ ನಡುಗಲಿಲ್ಲ. ನಾನು ಹೆದರಿಬಿಟ್ಟೆ.

ಅವರೂ ಹೆದರಿದ್ದರು. ನನ್ನನ್ನು ಕಿತ್ತು ಹಿಡಿದುಕೊಂಡು, “ನಾನ ಅಂದೆನೇನ ಇದನ್ನ?” ಎಂದು ತಲೆ ತಗ್ಗಿಸಿದರು. ಸುವರ್ಣಾಳ ಸಂಬಂಧ ಮುಗಿದಂತೆಯೇ ಎಂದುಕೊಂಡೆ.

ನೀಲಗಂಗವ್ವ ಗಂಡನ ಕೈಯಿಂದ ನನ್ನನ್ನು ಕಸಿದು ಗದಿಗೆಪ್ಪನಿಗೆ ಕೊಟ್ಟಳು. “ಹೊಟ್ಟ್ಯಾಗ ಇಷ್ಟು ಇಟ್ಕೊಂಡೂ ಒಂದಿನಾ ನನ್ನ ಮ್ಯಾಲೆ ಕೈ ಎತ್ತಲಿಲ್ಲಲ್ಲ ಈ ಮನಿಷಾ! ಒಳಗ ಇದ್ದದ್ದೆಲ್ಲಾ ಗುಣ ಅಲ್ಲ ಬಿಡ್ರಿ. ಏ, ಯಾರರ ಸಕ್ಕರಿ ತರ್ರಿ!” ಸಕ್ಕರೆ ಹಂಚಿದರು, ಬೀಗತನ ಗಟ್ಟಿಯಾಯಿತು.

ಕಂಪನಿ ಮುಚ್ಚಿದ ಮೇಲೆ ಗದಿಗೆಪ್ಪ ನನ್ನನ್ನು ಬೀಗರಿಗೇ ಕೊಟ್ಟ. ನೀಲಗಂಗವ್ವನ ಟ್ರಂಕಿನಲ್ಲಿ, ಇಳಕಲ್ಲ ಸೀರೆಗಳ ನಡುವೆ ನನ್ನ ಮುಪ್ಪು ಕಳೆಯುತ್ತಿದೆ. ಯಜಮಾನರು ಟ್ರಂಕಿನ ಹತ್ತಿರ ಸುಳಿದರೆ ಸಾಕು, ಮುಟ್ಟಬೇಡಿ ಎಂಬಂತೆ ಆಕೆ ಕೆಮ್ಮುತ್ತಿದ್ದಳು. ಹುಟ್ಟಾ ಕೆಟ್ಟವರು ಯಾರೂ ಇಲ್ಲ. ಎದೆಯಿದ್ದಿದ್ದರೆ ತಟ್ಟಿ ಹೇಳುತ್ತಿದ್ದೆ.

ಮೊನ್ನೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೀಲಗಂಗವ್ವ ಕದ ಹಾಕಿ, ನನ್ನನ್ನು ತನ್ನ ತುಟಿಗೇ ಒತ್ತಿಕೊಂಡು ಕನ್ನಡಿ ನೋಡಿದಳು. ಹುಬ್ಬು ಗಂಟಿಕ್ಕಿದಳು. ಗಹಗಹಿಸಿದಳು, ಥೇಟ್ ಗದಿಗೆಪ್ಪನ ಹಾಗೆ. ತುಟಿ ನಡುಗಲಿಲ್ಲ. ಆಮೇಲೆ ಗಾಬರಿಯಾಗಿ ನನ್ನನ್ನು ಸೀರೆಗಳ ಅಡಿಗೆ ತಳ್ಳಿದಳು.

ಅಂದಿನಿಂದ ಯಜಮಾನರು ಹತ್ತಿರ ಸುಳಿದರೂ ಆಕೆ ಕೆಮ್ಮುವುದಿಲ್ಲ.